ಎಡಗಾಲ ಕೆಳಗಿನ ಹುಲ್ಲು

ಲಾಯದಲ್ಲಿ ಎಲ್ಲರೂ ಅವಳನ್ನು ಹುಲ್ಲಕ್ಕ ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ಕುದುರೆಗಳ ಕಾಲಡಿಗೆ ಹುಲ್ಲು ಹಾಸುತ್ತಿದ್ದವಳು. ಅವಳು ಹಾಸಿದರೆ ಹೊಸ ಚಾಪೆ ಬಿಡಿಸಿದ ಹಾಗೆ, ಒಂದು ಕಡ್ಡಿಯೂ ಮೇಲೇಳುತ್ತಿರಲಿಲ್ಲ. ಆ ಅಚ್ಚುಕಟ್ಟೇ ತನ್ನ ಅಣ್ಣನನ್ನು ತಿಂದಿತು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಆಗ ಅವಳಿಗೆ ಇಪ್ಪತ್ತು. ಸ್ಪರ್ಧೆಗಳಲ್ಲಿ ಕುದುರೆಗೆ ತಡೆ ಹಾರಿಸುವ ಸವಾರನಾಗಿದ್ದ ಅಣ್ಣನಿಗೆ ಥರೋಬ್ರೆಡ್ ಎಂಬ ರೇಸ್ ತಳಿಯ ಒಂದು ಹೆಣ್ಣುಕುದುರೆ ಸಿಕ್ಕಿತ್ತು. ಎದೆ ಬಂಡೆಯಂಥದು, ಕಾಲು ಮಾತ್ರ ಕಡ್ಡಿ. ಪ್ರತಿ ಬೆಳಿಗ್ಗೆ ಅದರ ಎಡ ಮುಂಗಾಲಿನ ಹಿಮ್ಮಡಿಯ ಕೆಳಗೆ ಹುಲ್ಲಿನ ಗುಪ್ಪೆ ಇರುತ್ತಿತ್ತು. ಕೊಳಕಿ ಎಂದು ಬೈದು ಇವಳು ಸಮ ಮಾಡುತ್ತಿದ್ದಳು. ನೋಯುವ ಕಾಲಿಗೆ ಅದು ದಿಂಬು ಮಾಡಿಕೊಳ್ಳುತ್ತಿದೆ ಎಂದು ಹೊಳೆಯಲಿಲ್ಲ. ಕುಂಟಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಆ ರಕ್ತದವು ಕುಂಟುವುದಿಲ್ಲ; ನೋವು ನುಂಗಿಕೊಂಡು ಓಡುತ್ತವೆ. ನಾಲ್ಕನೆಯ ತಡೆಯಲ್ಲಿ ಕಾಲು ಮುರಿಯಿತು. ಅಣ್ಣ ಅದರ ಅಡಿಗೆ ಸಿಕ್ಕಿದ.

ಅದರ ಮಗಳೂ ಹಾಗೆಯೇ ನೋವು ನುಂಗಿ ನುಂಗಿ ಐದನೆಯ ವರ್ಷಕ್ಕೇ ಮರಿ ಹಾಕುವುದಕ್ಕಷ್ಟೇ ಉಳಿಯಿತು. ಈಗ ಮೊಮ್ಮಗಳು ಕಪ್ಪಿ. ಕಪ್ಪಿಯ ಬೆನ್ನ ಮೇಲೆ ಹುಲ್ಲಕ್ಕನ ಒಬ್ಬಳೇ ಮಗಳು.

ಸ್ಪರ್ಧೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಕಪ್ಪಿಯ ಎಡ ಮುಂಗಾಲಿನ ಹಿಮ್ಮಡಿಯ ಕೆಳಗೆ ಗುಪ್ಪೆ. ಹುಲ್ಲಕ್ಕ ಓಡಿಹೋಗಿ ಮಗಳ ಕೋಚ್‌ನನ್ನು ಕರೆತಂದಳು.

"ಡಾಕ್ಟರು ನಿನ್ನೆ ತಾನೆ ಓಡಿಸಿ ನೋಡಿದ್ರು. ಒಂದು ಹೆಜ್ಜೆ ತಪ್ಪಲಿಲ್ಲ. ನಿಮಗೆ ಹಗ್ಗ ಕಂಡ್ರೂ ಹಾವು, ಹುಲ್ಲಕ್ಕ."

"ಇದರಜ್ಜಿನೂ ತಪ್ಪಿರಲಿಲ್ಲ ಸಾರ್."

"ನೋವು ನುಂಗಿ ಓಡೋ ಆ ಗುಂಡಿಗೆ ಬೇಕು ಅಂತಾನೇ ಅಲ್ವಾ ಜನ ಈ ರಕ್ತ ಹುಡುಕ್ಕೊಂಡು ಬರೋದು?"

"ಗುಂಡಿಗೆ ಕೊಟ್ಟ ರಕ್ತಾನೇ ಈ ಕಡ್ಡಿ ಕಾಲನ್ನೂ ಕೊಟ್ಟಿದೆ."

ಕೋಚ್ ನಕ್ಕು ಹೊರಟುಹೋದ. ಜೀನು ಹೊತ್ತು ಮಗಳು ಬಂದಳು. ಜೀನು ಬಿಗಿದು, ತಾಯಿಯ ಮುಖ ನೋಡಿ, ಬಗ್ಗಿ ಕಪ್ಪಿಯ ಎಡ ಮುಂಗಾಲಿನ ನರ ಒತ್ತಿದಳು. ಕಪ್ಪಿ ಕದಲಲಿಲ್ಲ.

"ನೋಡಮ್ಮ, ಕಮಕ್ ಕಿಮಕ್ ಅಂತಿಲ್ಲ."

"ಅದೇ ಕಣೇ ನನಗೆ ಭಯ." ಹುಲ್ಲಕ್ಕ ಗುಪ್ಪೆಯನ್ನು ತೋರಿಸಿದಳು. "ನಿನ್ನ ಮಾವ ಬಿದ್ದ ದಿನ ಬೆಳಿಗ್ಗೆನೂ ಹೀಗೇ ಗುಪ್ಪೆ ಇತ್ತು. ನಾನೇ ಸಮ ಮಾಡ್ದೆ."

ಮಗಳು ನಿಧಾನವಾಗಿ ಎದ್ದು ನಿಂತಳು. "ಇಷ್ಟು ವರ್ಷ ಹೇಳಲಿಲ್ಲ ನೀನು."

"ಯಾವ ಬಾಯಲ್ಲಿ ಹೇಳ್ಲಿ?"

ಹುಲ್ಲಕ್ಕ ಕವೆಗೋಲು ತೆಗೆದುಕೊಂಡು ಮಗಳ ಕಣ್ಣೆದುರೇ ಗುಪ್ಪೆಯನ್ನು ಸಮ ಮಾಡಿದಳು. "ಇಲ್ಲೇ ನಿಂತು ನೋಡು. ಇದು ಮತ್ತೆ ಗುಪ್ಪೆ ಮಾಡ್ಕೊಳ್ದಿದ್ರೆ ಹತ್ತಿ ಹೋಗು, ನಾನು ಬಾಯಿ ಬಿಡಲ್ಲ."

ಹೊರಗೆ ಮೈಕಿನಲ್ಲಿ ಒಂದು ನಂಬರು ಕೂಗಿದರು. ಇನ್ನೆರಡು ಕುದುರೆ ಆದರೆ ಇವರದೇ ಸರದಿ. ಕಪ್ಪಿ ಮೈದಾನದ ಕಡೆಗೆ ಕಿವಿ ನಿಮಿರಿಸಿ ನಿಂತೇ ಇತ್ತು. ಮತ್ತೊಂದು ನಂಬರು ಕೂಗಿದರು.

ಆಗ ಕಪ್ಪಿಯ ಎಡಗಾಲು ಒಮ್ಮೆ ಕೆರೆಯಿತು. ಮತ್ತೊಮ್ಮೆ ಕೆರೆಯಿತು. ಹುಲ್ಲನ್ನು ಹಿಂದಕ್ಕೆ ಎಳೆದುಕೊಂಡು ಅದರ ಮೇಲೆ ಹಿಮ್ಮಡಿಯನ್ನು ಮೆಲ್ಲಗೆ ಇಟ್ಟಿತು. ಕಿವಿ ಮಾತ್ರ ಮೈದಾನದ ಕಡೆಗೇ.

ಮಗಳು ಜೀನಿನ ಪಟ್ಟಿ ಬಿಚ್ಚಿದಳು. ಹುಲ್ಲಕ್ಕ ಕಪ್ಪಿಯ ಕಾಲ ಬಳಿ ಆ ಹುಲ್ಲಿನ ಮೇಲೆಯೇ ಕೂತುಬಿಟ್ಟಳು.

"ಏಳಮ್ಮ," ಎಂದಳು ಮಗಳು, "ಅದರ ದಿಂಬಿನ ಮೇಲೆ ಕೂತಿದೀಯ."