ಅಳುವ ರಾಜನನ್ನು ಕತ್ತರಿಸಿದವನು

ಶಾರದಾ ಆಂಟಿ, ನಿಮ್ಮ ಲೇಖನದ ಕೊನೆಯ ಪ್ಯಾರಾ ಬಿಟ್ಟುಹೋದದ್ದು ಪ್ರಿಂಟರನ ತಪ್ಪಿನಿಂದಲ್ಲ. ಕತ್ತರಿಸಿದ್ದು ನಾನು. ಆರು ವರ್ಷ ಆ ಸುಳ್ಳನ್ನು ಸಾಕಿಕೊಂಡು ಬಂದೆ.

ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಗೆಂದು ನೀವು ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನಿಂದ ಕೈಬರಹದ ಹಾಳೆಗಳನ್ನು ಕಳಿಸಿದ್ದಿರಿ — ಪ್ರಾಚೀನ ಗ್ರೀಕ್ ಇತಿಹಾಸಕಾರರು ರಾಜರನ್ನು ಹೇಗೆ ಚಿತ್ರಿಸಿದರು ಎಂದು. ಲ್ಯಾಬ್ ಕೆಲಸದಿಂದ ನಿವೃತ್ತರಾದ ಮೇಲೆ ನೀವು ಓದಿದ್ದೆಲ್ಲ ಅದನ್ನೇ. ಸೇತುವೆ ಮುರಿಯಿತೆಂದು ಸಮುದ್ರಕ್ಕೇ ಚಾಟಿಯೇಟು ಹಾಕಿಸಿದ ಪರ್ಷಿಯಾದ ದೊರೆಯನ್ನು ಎಷ್ಟು ತಮಾಷೆಯಾಗಿ ಬರೆದಿದ್ದಿರಿ! ಕೊನೆಯಲ್ಲಿ ಅದೇ ದೊರೆ ತನ್ನ ಸೈನ್ಯವನ್ನು ನೋಡಿ ಅಳುತ್ತಾನೆ — ನೂರು ವರ್ಷ ಕಳೆದರೆ ಇವರಲ್ಲಿ ಒಬ್ಬನೂ ಇರುವುದಿಲ್ಲವಲ್ಲ ಎಂದು. "ಶತ್ರು ರಾಜನಿಗೂ ಕಣ್ಣೀರು ಕೊಟ್ರು ನೋಡು, ಅದು ದೊಡ್ಡತನ" ಎಂದು ನಮ್ಮ ಭಾನುವಾರದ ಫೋನ್ ಮಾತಿನಲ್ಲಿ ಹೇಳಿದ್ದಿರಿ.

ಅಚ್ಚಿಗೆ ಸಂಚಿಕೆಯ ಪುಟಗಳ ಲೆಕ್ಕ ನಾಲ್ಕರ ಗುಣಕದಲ್ಲೇ ಮುಗಿಯಬೇಕಿತ್ತು; ಒಂದು ಪ್ಯಾರಾದಷ್ಟು ಹೆಚ್ಚಾಗಿತ್ತು. ನನ್ನ ಸಂಪಾದಕೀಯ ಉದ್ದವಾಗಿತ್ತು. ನನ್ನದೊಂದು ವಾಕ್ಯ ತೆಗೆಯಲೂ ಮನಸ್ಸು ಬರಲಿಲ್ಲ — ನಿಮ್ಮ ರಾಜನ ಅಳುವನ್ನು ತೆಗೆದೆ.

ಅಂಕಲ್ ತೀರಿಕೊಂಡು ಆಗಿನ್ನೂ ನಾಲ್ಕು ತಿಂಗಳು. ರಾಯರ ಸಿಟ್ಟು ಹ್ಯೂಸ್ಟನ್ನಿನಿಂದ ಆಸ್ಟಿನ್‌ವರೆಗೂ ಪ್ರಸಿದ್ಧ. ಸಾರಿಗೆ ಉಪ್ಪು ಕಡಿಮೆಯಾದರೆ ಅತಿಥಿಗಳೆದುರೇ ತಟ್ಟೆ ತಳ್ಳಿ ಏಳುತ್ತಿದ್ದವರು. ಯುಗಾದಿ ಊಟದ ಸಾಲಿನಲ್ಲಿ ಯಾರೋ ಸಂಚಿಕೆ ತೆರೆದು, "ಈ ಚಾಟಿ ದೊರೆ ನಮ್ಮ ರಾಯರೇ ಕಣ್ರೀ! ಆಂಟಿ ಚೆನ್ನಾಗಿ ಸೇಡು ತೀರಿಸ್ಕೊಂಡ್ರು!" ಎಂದರು. ಎಲ್ಲರೂ ನಕ್ಕರು. ನಾನೂ —

ನೀವು ಹೋಳಿಗೆಯ ತಟ್ಟೆ ಹಿಡಿದೇ ನನ್ನ ಬಳಿ ಬಂದಿರಿ.

"ಅಳೋ ಭಾಗ ಎಲ್ಲಪ್ಪಾ? ಅದಕ್ಕೇ ಅಲ್ವಾ ಇಷ್ಟೆಲ್ಲ ಬರ್ದಿದ್ದು?"

"ಪ್ರಿಂಟರ್ ಮಿಸ್ ಮಾಡ್ಬಿಟ್ಟ, ಆಂಟಿ."

"ಹೋಗ್ಲಿ ಬಿಡು" ಎಂದಿರಿ. ಆಮೇಲೆ ಏನನ್ನೂ ಬರೆದು ಕಳಿಸಲಿಲ್ಲ. ಭಾನುವಾರದ ಫೋನೂ ನಿಂತಿತು.

ಈಗಲೂ ಭಾನುವಾರ ಬೆಳಿಗ್ಗೆ ಆಸ್ಟಿನ್ ಪಕ್ಕದ ರೌಂಡ್ ರಾಕಿನ ನನ್ನ ಅಡುಗೆಮನೆಯಲ್ಲಿ ಕಾಫಿಯ ಪಕ್ಕ ಫೋನ್ ಇಟ್ಟುಕೊಂಡು ಕೂರುತ್ತೇನೆ. "ಇವತ್ತು ಯಾವ ರಾಜ, ಆಂಟಿ?" ಎಂದು ಕೇಳಬೇಕೆನಿಸುತ್ತದೆ. ನಿಮ್ಮ ದನಿಗಾಗಿ ಜೀವ ಹಂಬಲಿಸುತ್ತದೆ — ಹಂಬಲಿಸುವ ಹಕ್ಕು ನನಗಿದೆಯೋ ಇಲ್ಲವೋ.

ಈ ಸಲದ ಯುಗಾದಿ ಸಂಚಿಕೆಗೆ ಸಂಪಾದಕೀಯ ಬರೆದಿಲ್ಲ. ಆ ಪುಟ ನಿಮ್ಮ ಪ್ಯಾರಾಕ್ಕೆಂದು ಖಾಲಿಯಿದೆ. ಶನಿವಾರ ನಿಮ್ಮ ಆ ಕೊನೆಯ ಹಾಳೆ ಹಿಡಿದು ಪೇರ್ಲ್ಯಾಂಡಿಗೆ ಡ್ರೈವ್ ಮಾಡಿಕೊಂಡು ಬರುತ್ತೇನೆ. ಅಚ್ಚಿಗೆ ಕೊಡುವಿರೋ, ಕಿತ್ತುಕೊಂಡು ಬಾಗಿಲು ಹಾಕುವಿರೋ, ನಿಮ್ಮಿಷ್ಟ.

ಅದರ ಕೊನೆಯ ಸಾಲು ನನಗೆ ಬಾಯಿಪಾಠ: "ನಮ್ಮನೆಯವರೂ ಒಮ್ಮೆ ಅತ್ತಿದ್ದರು; ನೋಡಿದವಳು ನಾನೊಬ್ಬಳೇ." ಅದನ್ನು ಓದಿದ ಮೇಲೆಯೇ ಕತ್ತರಿಸಿದ್ದು, ಆಂಟಿ.