ಆ ಒಂದು ಓಟು

ಚುನಾವಣೆಯ ಶಾಯಿ ನಮ್ಮ ಪಕ್ಕದ ಮನೆ ದೊಡ್ಡಪ್ಪನ ಎಡಗೈ ತೋರುಬೆರಳಿನ ಉಗುರಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತು. ಕಪ್ಪು ಗೆರೆ ಬುಡದಿಂದ ಮೆಲ್ಲಗೆ ಮೇಲೇರಿ ತುದಿಗೆ ಬಂದ ದಿನ ಬ್ಲೇಡಿನಲ್ಲಿ ಕೊಯ್ದು, "ಈಗ ಮುಗೀತು ಕಣ್ಲಾ ಎಲೆಕ್ಸನ್ನು" ಎನ್ನುತ್ತಿದ್ದರು.

ಸಂಬಂಧದಲ್ಲಿ ದೊಡ್ಡಪ್ಪನಲ್ಲ, ಊರೆಲ್ಲ ಹಾಗೆ ಕರೆಯುತ್ತಿತ್ತು. ಹನಕೆರೆ ಕಡೆಯ ನಮ್ಮೂರಿನ ಬೂತಿನಲ್ಲಿ ಮೀಸೆ ಚಿಗುರಿದ ಕಾಲದಿಂದಲೂ ಒಂದೇ ಪಕ್ಷದ ಏಜೆಂಟರು. ತೊಡೆಯ ಮೇಲೆ ಮತದಾರರ ಪಟ್ಟಿ, ಕಿವಿಯಲ್ಲಿ ಕೆಂಪು ಪೆನ್ಸಿಲು. ನನ್ನಜ್ಜನ ಕಾಲದಲ್ಲಿ ಕೆಲಸ ಸಲೀಸಂತೆ. ನಾಲ್ವರು ಹಿರಿಯರು ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ತೀರ್ಮಾನಿಸಿದರೆ ಇಡೀ ಬೀದಿ ಅದಕ್ಕೇ ಮುದ್ರೆ ಒತ್ತುತ್ತಿತ್ತು. ಅಪ್ಪನ ಕಾಲಕ್ಕೆ ಅಣ್ಣತಮ್ಮಂದಿರು ಗದ್ದೆಯ ಜೊತೆ ಪಕ್ಷವನ್ನೂ ಪಾಲು ಮಾಡಿಕೊಂಡರು. ಆಮೇಲೆ ಸೊಸೆಯರು ಗಂಡನಿಗೆ ಹೂಂ ಎಂದು, ತಮಗೆ ಬೇಕಾದ್ದಕ್ಕೆ ಒತ್ತತೊಡಗಿದರು.

"ಮೊದ್ಲು ಬೀದಿಗೊಂದು ಪಾರ್ಟಿ, ಆಮ್ಯಾಕೆ ಮನೆಗೊಂದು, ಈಗ ಆಸ್ಗೆಗೊಂದು ಕಣ್ಲಾ!" ಎಂದು ನಗುತ್ತಿದ್ದರು. ಸ್ವಂತ ಮಗನೇ ಗೇಟಿಗೆ ಎದುರು ಪಕ್ಷದ ಬಾವುಟ ಕಟ್ಟಿದ ದಿನ ಮಾತ್ರ ನಗಲಿಲ್ಲ. ತಲೆ ಬಗ್ಗಿಸಿ ಅದರ ಕೆಳಗೆ ದಾಟಿ ನಮ್ಮ ಜಗಲಿಗೆ ಬಂದರು.

"ನೀನೊಬ್ನಾದ್ರೂ ಆಕ್ತೀಯಾ ತಾನೆ?"

"ನಿಮ್ಮಾಣೆ ದೊಡ್ಡಪ್ಪ."

ಆಣೆ ಇಟ್ಟ ನಾನಾದರೂ ಎಂಥವನು! ಮಂಡ್ಯದ ಕಚೇರಿಗೆ ಹೊರಟರೆ, ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಎರಡು ಸಲ ವಾಪಸು ಬರುವ ಆಸಾಮಿ.

ಓಟಿನ ದಿನ ದೊಡ್ಡಪ್ಪನಿಗೆ ಅವರ ಪಕ್ಷದಿಂದ ಊಟವೂ ಬಂದಿರಲಿಲ್ಲ. ಬೂತಿನ ಬೆಂಚಿನ ತುದಿಯಲ್ಲಿ ಕೂತು, ಎದುರು ಪಕ್ಷದ ಏಜೆಂಟ್ ಕೊಟ್ಟ ಚಿತ್ರಾನ್ನ ತಿನ್ನುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಯಂತ್ರದ ಮುಂದೆ ನಿಂತಾಗ ನನಗೆ ಚಿಂತೆ ಹತ್ತಿತು: ಸೋಲುವವರಿಗೆ ಹಾಕಿದರೆ ಓಟು ದಂಡವಲ್ಲವೇ? ಗೆಲ್ಲುವವರದನ್ನೇ ಒತ್ತಿದೆ. ಇಷ್ಟು ಜನರಲ್ಲಿ ನನ್ನದೊಂದು ಯಾರಿಗೆ ಗೊತ್ತಾದೀತು?

ಎಣಿಕೆಯ ಮಾರನೆಯ ದಿನ ಟೀ ಅಂಗಡಿಯವನು ಮೊಬೈಲಿನಲ್ಲಿ ಬೂತುವಾರು ಪಟ್ಟಿ ಓದಿದ. "ನಮ್ ಬೂತಲ್ಲಿ ದೊಡ್ಡಪ್ಪನ್ ಪಾರ್ಟಿಗೆ ಒಂದೇ ಒಂದು ಕಣ್ರಲಾ!"

ನನ್ನ ಆಣೆಯ ಸುದ್ದಿಯನ್ನು ದೊಡ್ಡಪ್ಪ ಹೆಮ್ಮೆಯಿಂದ ಊರಿಗೆಲ್ಲ ಹೇಳಿದ್ದರು. "ಅಂಗಾರೆ ಇವ್ನ್ ಓಟು ಎಲ್ಲೋಯ್ತ್ಲಾ?" ಎಂದ ಒಬ್ಬ. ನಾನು ಲೋಟದೊಳಗೆ ಮುಖ ಇಟ್ಟೆ.

"ಆ ಒಂದು ಇವ್ನುದೇ," ಎಂದರು ನನ್ನ ಪಕ್ಕದಲ್ಲೇ ಟೀ ಕುಡಿಯುತ್ತಿದ್ದ ದೊಡ್ಡಪ್ಪ. "ನಂಗೆ ಕಣ್ಣು ಮಂಜು. ಗುಂಡಿ ತಪ್ಪಿ ಒತ್ಬುಟ್ಟೆ."

ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಜೀವಮಾನವಿಡೀ ಏಜೆಂಟು, ತನ್ನ ಪಾರ್ಟಿಗೇ ಓಟಿಲ್ಲ! ಅವರೂ ಜೊತೆಗೆ ನಕ್ಕರು. ಆ ಒಂದು ಅವರದೇ ಎಂದು ಗೊತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ.

ಮನೆಗೆ ಬರುವಾಗ ಏನೋ ಹೇಳಲು ಬಾಯಿ ತೆರೆದೆ.

"ಬುಡ್ಲಾ, ಸುಮ್ನೆ ನಡಿ. ನಗ್ಸ್ಕಂಡು ನಂಗೆ ಅಬ್ಯಾಸ ಅದೆ. ನಿಂಗೆ ತಡ್ಯಕಾಗಾಕಿಲ್ಲ."

ಮಳೆಗಾಲ ಮುಗಿಯುವ ಮೊದಲೇ ಹೋದರು. ಮೈ ತೊಳೆಯುವಾಗ ನೋಡಿದೆ. ಶಾಯಿ ಇನ್ನೂ ಉಗುರಿನ ನಡುವಿನಲ್ಲಿತ್ತು.

ಮುಂದಿನ ಚುನಾವಣೆಗೆ ಗಟ್ಟಿ ಮನಸ್ಸು ಮಾಡಿ ಹೋದೆ. ಬೆಂಚಿನ ತುದಿ ಖಾಲಿಯಿತ್ತು. ಯಂತ್ರದಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ಅವರ ಪಕ್ಷ ಈ ಸಲ ಯಾರನ್ನೂ ನಿಲ್ಲಿಸಿರಲಿಲ್ಲ.

"ಬೇಗ ಒತ್ತಿ ಸಾರ್, ಹಿಂದೆ ಜನ ಇದಾರೆ," ಎಂದರು ಅಧಿಕಾರಿ. ನಾನು ಬೆರಳು ಎತ್ತಿಕೊಂಡೇ ನಿಂತಿದ್ದೆ.