ತೂಬು ತೆಗೆಯುವ ತನಕ

"ಕುರಿಮರಿ ಹುಟ್ಟಿದ ಕೂಡ್ಲೆ ನಾವು ಮೊದ್ಲು ಅದರ ಮೂಗು ಒರಸ್ತೀವ್ರೀ. ನೀವು ಮಗು ಹೊಟ್ಟ್ಯಾಗಿರೋವಾಗ್ಲೇ ಅದರ ಗಂಟ್ಲು ಮುಚ್ತೀವಿ ಅಂತೀರಲ್ಲ?"

ನನ್ನ ಅತ್ತೆ ಬೆಂಗಳೂರಿನ ಡಾಕ್ಟರನ್ನು ಹೀಗೆ ಕೇಳಿದಾಗ ನನಗೆ ನಾಚಿಕೆಯಾಗಿತ್ತು. ಅವರು ಶಿಕಾರಿಪುರದ ಪಕ್ಕದ ಹಳ್ಳಿಯಲ್ಲಿ ಕುರಿ ಸಾಕಿಕೊಂಡೇ ಮುದುಕಿಯಾದವರು. ನಾನೋ ಓದಿದವಳು, ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದೆ.

ಡಾಕ್ಟರ್ ಬೇಸರಿಸದೆ ಚಿತ್ರ ಬರೆದು ತೋರಿಸಿದರು. ಮಗುವಿನ ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ತೂತಿದೆ. ಕರುಳು ಮೇಲೇರಿ ಶ್ವಾಸಕೋಶ ಬೆಳೆಯಲು ಜಾಗವೇ ಉಳಿದಿಲ್ಲ. ನನ್ನ ಹೊಟ್ಟೆಯ ಮೂಲಕ ಕಡ್ಡಿಯಷ್ಟು ಸಣ್ಣ ದುರ್ಬೀನು ತೂರಿಸಿ, ಮಗುವಿನ ಬಾಯಿಂದ ಶ್ವಾಸನಾಳಕ್ಕೆ ಇಳಿಸಿ, ಅಲ್ಲಿ ಪುಟ್ಟ ಬಲೂನು ಉಬ್ಬಿಸುತ್ತಾರೆ. ಶ್ವಾಸಕೋಶದಲ್ಲೇ ಊರುವ ನೀರು ಹೊರಗೆ ಹೋಗದೆ ಅದನ್ನು ಹಿಗ್ಗಿಸುತ್ತದೆ.

"ನಮ್ಮ ಕಡೆ ಅಂಬ್ಲಿಗೊಳ ಡ್ಯಾಮಿನ ತೂಬು ಮುಚ್ಚಿದಂಗೆ," ಎಂದರು ಅತ್ತೆ. "ತೆಗೆಯೋದ್ಯಾವಾಗ?"

"ಹೆರಿಗೆಗೆ ಮೊದಲು, ಇಲ್ಲೇ. ಬಲೂನು ಇರುವಾಗಲೇ ಹುಟ್ಟಿದರೆ ಮಗುವಿಗೆ ಉಸಿರಾಡೋಕೆ ಆಗಲ್ಲ. ಅಲ್ಲೀತನಕ ಆಸ್ಪತ್ರೆ ಹತ್ತಿರವೇ ಇರಬೇಕು."

ಬಲೂನು ಕೂತಿತು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದೆವು. ಮೂರು ವಾರಕ್ಕೆ ಆನವಟ್ಟಿಯಿಂದ ಅಮ್ಮ ಫೋನು ಮಾಡಿದಳು. "ಏಳು ದಾಟಿ ಎಂಟಕ್ಕೆ ಬಿದ್ರೆ ಕುಬಸ ಮಾಡೋ ಹಂಗಿಲ್ಲ ಕಣೆ. ನಿಮ್ಮತ್ತೆ ಮನೇಲೇ ಮಾಡೋಣ, ಒಂದು ದಿನ ಬಂದು ಹೋಗು, ಏನಾಗ್ತದೆ?" ಅತ್ತೆ ಬೇಡವೆಂದರು. ನಾನೇ ಹಟ ಹಿಡಿದೆ. ಚೊಚ್ಚಲ ಬಸಿರು, ಸೀಮಂತದ ಹಸಿರು ಬಳೆ ತೊಡುವ ಆಸೆ. ಆ ಕೋಣೆಯ ಗೋಡೆ ನೋಡಿ ನೋಡಿ ತಲೆಯೂ ಕೆಟ್ಟಿತ್ತು. ಡಾಕ್ಟರಿಗೆ ಹೇಳದೆ ಊರಿಗೆ ಹೊರಟೆ. ಅಮ್ಮನನ್ನು ದೂರಿ ಪ್ರಯೋಜನವಿಲ್ಲ, ಬುದ್ಧಿ ಕೆಟ್ಟಿದ್ದು ನನ್ನದು.

ಅತ್ತೆಯ ಮನೆಗೆ ಅಮ್ಮ ಸೀರೆ, ಬಳೆ ತಂದಿದ್ದಳು. ಮಣೆಯ ಮೇಲೆ ಕೂತು ಎರಡನೇ ಕೈಗೆ ಬಳೆ ಇಡಿಸಿಕೊಳ್ಳುವಾಗ ಹೊಟ್ಟೆ ಕಲ್ಲಾಯಿತು. ಸಡಿಲವಾಯಿತು. ಮತ್ತೆ ಕಲ್ಲಾಯಿತು. ನಾನು ನಗುತ್ತಲೇ ಇದ್ದೆ. ಉಡಿ ತುಂಬಲು ಬಗ್ಗಿದ ಅತ್ತೆ ನನ್ನ ಮುಖ ನೋಡಿದವರೇ, ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಸುರಿದು ಮಗನನ್ನು ಕೂಗಿದರು: "ಕಾರು ತೆಗೀ!"

ಶಿಕಾರಿಪುರದ ಡಾಕ್ಟರ್ ಹೆರಿಗೆ ನೋವು ತಡೆಯುವ ಮಾತ್ರೆ ಕೊಟ್ಟು, ಬೆಂಗಳೂರಿಗೆ ಫೋನು ಮಾಡಿ, "ಬಲೂನು ತೆಗೆಯೋ ಸಾಮಾನು ನಮ್ಮಲ್ಲಿಲ್ಲಮ್ಮಾ, ಎಲ್ಲೂ ನಿಲ್ಲಬೇಡಿ" ಎಂದರು. ಶಿವಮೊಗ್ಗ ದಾಟಿದರೂ ನೋವು ಬಂದು ಬಂದು ಹೋಗುತ್ತಿತ್ತು. ನನ್ನ ಗಂಡ ಕಾರು ಓಡಿಸುತ್ತಿದ್ದ. ಅಮ್ಮ ಅಳುತ್ತಿದ್ದಳು. ಅತ್ತೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದರು: "ಬರಬ್ಯಾಡ ಮಗಾ. ಈಗ ಬರಬ್ಯಾಡ." ಎಂಟು ವರ್ಷ ಮೊಮ್ಮಗುವಿಗಾಗಿ ಕಾದವರು ಅವರು. ನನಗೆ ಸತ್ತೇ ಹೋಗಬೇಕೆನಿಸಿತು.

ಬೆಂಗಳೂರಿನ ಆಸ್ಪತ್ರೆಯ ಬಾಗಿಲಲ್ಲೇ ಸ್ಟ್ರೆಚರ್ ಕಾದಿತ್ತು. ಮತ್ತೆ ದುರ್ಬೀನು ಇಳಿಸಿ ಬಲೂನು ಒಡೆದು ಹೊರತೆಗೆದರು. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಮಾತ್ರ ನನ್ನ ಹೊಟ್ಟೆಯ ಹತ್ತಿರ ಬಾಯಿ ತಂದು, "ತೂಬು ತೆಗದ್ರು. ಇನ್ನ ಬಾ" ಎಂದರು.

ಮರುದಿನವೇ ಬಂದ. ಎದೆಯ ಕೆಳಗಿನ ಪರದೆಯ ತೂತು ಹೊಲಿದರು. ಎರಡು ತಿಂಗಳು ಯಂತ್ರವೇ ಅವನಿಗಾಗಿ ಉಸಿರಾಡಿತು. ಗಂಟಲಿನ ನಳಿಕೆ ತೆಗೆದ ದಿನ, ಒಡಕು ದನಿಯಲ್ಲಿ, ಮೊದಲ ಸಲ ಅತ್ತ. ಮೂಗು ಸೋರಿತು. ಮುಟ್ಟಬೇಡಿ ಎಂದು ನರ್ಸ್ ಗದರುವಷ್ಟರಲ್ಲಿ ಅತ್ತೆ ಸೆರಗಿನಿಂದ ಒರೆಸಿಯಾಗಿತ್ತು.